ಮಾರಕ್ಕನ ಮಂಚ

ಬೆಂಗಳೂರು
6 ಸೆಪ್ಟೆಂಬರ್ 2021

ಚಿಕ್ಕಮ್ಮ,

ನಿಮ್ಮ ಕಿವಿ ಮಂದವಾದ ಮೇಲೆ ಫೋನಿನಲ್ಲಿ ನಾನು ಕೂಗಿ ಕೂಗಿ ಪಕ್ಕದ ಮನೆಯವರಿಗೆಲ್ಲ ನಮ್ಮ ವಿಷಯ ಗೊತ್ತಾಗುವುದಷ್ಟೇ ಆಗಿತ್ತು. ನೀವು ಹೇಳಿದ ಹಾಗೆ ಇನ್ನು ಬರೆಯುತ್ತೇನೆ.

ಇದು ಅರ್ಧ ಮನೆಯ ಪತ್ರ, ಅರ್ಧ ಕಚೇರಿಯದು. ನನ್ನ ಮುಜುಗರ ಅದೇ. ಕೊರೊನಾದ ಎರಡು ಅಲೆಗಳಲ್ಲಿ ಸರ್ಕಾರ ಆಸ್ಪತ್ರೆಗಳನ್ನೂ ವೃದ್ಧರ ಆಶ್ರಯ ಮನೆಗಳನ್ನೂ ಹೇಗೆ ನೋಡಿಕೊಂಡಿತು ಎಂದು ವಿಚಾರಿಸಲು ವಿಧಾನಸಭೆ ಒಂದು ಸದನ ಸಮಿತಿ ಮಾಡಿದೆ. ಅದರ ಅಧೀನ ಕಾರ್ಯದರ್ಶಿಯಾಗಿ ನನ್ನನ್ನು ಹಾಕಿದ್ದಾರೆ. ಪ್ರಶ್ನೆ ತಯಾರಿಸುವುದು, ಹೇಳಿದ್ದನ್ನು ಬರೆದುಕೊಳ್ಳುವುದು, ಕೊನೆಗೆ ವರದಿಯ ಕರಡು ಮಾಡುವುದು ನನ್ನ ಕೆಲಸ. ಅಧ್ಯಕ್ಷರು ಶಾಸಕ ಪುಟ್ಟಸ್ವಾಮಿಯವರು.

ಈ ತಿಂಗಳ ಕೊನೆಗೆ ಸಮಿತಿ ರಾಮನಗರ ಜಿಲ್ಲೆಗೆ ಬರುತ್ತದೆ. ಮಾಗಡಿ ತಾಲ್ಲೂಕಿನಲ್ಲಿ ನೋಡುವುದು ನೀವು ನಡೆಸುತ್ತಿರುವ ಆಶ್ರಯ ಮನೆಯನ್ನು. ಅದನ್ನು ಸೇರಿಸಿದವಳು ನಾನೇ. ನನ್ನ ಚಿಕ್ಕಮ್ಮ ಎಂಬ ಕಾರಣಕ್ಕೆ ಸೇರಿಸುವುದು ತಪ್ಪು, ಅದೇ ಕಾರಣಕ್ಕೆ ಬಿಡುವುದೂ ತಪ್ಪು ಎಂದು ಬಹಳ ಯೋಚಿಸಿ ಸೇರಿಸಿದೆ. ಸರಿ ಮಾಡಿದೆನೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಸಮಿತಿಯ ಮುಖ್ಯ ಪ್ರಶ್ನೆ ಮೇ ತಿಂಗಳ ಆದೇಶದ ಬಗ್ಗೆ. ಆಸ್ಪತ್ರೆಗಳಲ್ಲಿ ಜಾಗ ಸಾಲದೆ, ಚೇತರಿಸಿಕೊಳ್ಳುತ್ತಿರುವ ವಯಸ್ಸಾದವರನ್ನು ಆಶ್ರಯ ಮನೆಗಳ ಖಾಲಿ ಹಾಸಿಗೆಗಳಿಗೆ ಕಳಿಸಬಹುದು ಎಂದು ಇಲಾಖೆ ಹೊರಡಿಸಿದ್ದು. ಅದರಿಂದ ಏನಾಯಿತು ಎಂದು ನಿಮ್ಮನ್ನೂ ಅಲ್ಲಿರುವವರನ್ನೂ ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಏನು ಬೇಕೋ ಕೇಳಿ.

ಒಂದೇ ಕೋರಿಕೆ. ಅವತ್ತು ನನ್ನನ್ನು ಗುರುತಿನವಳಂತೆ ಮಾತಾಡಿಸಬೇಡಿ. ಅಧಿಕಾರಿಯ ಚಿಕ್ಕಮ್ಮ ಅಂದರೆ ನಿಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ.

ನಿಮ್ಮ
ಹೇಮ


ಮಾಗಡಿ
15 ಸೆಪ್ಟೆಂಬರ್ 2021

ಹೇಮ,

ಗುರುತಿಲ್ಲದವರ ಹಾಗೆ ನಿಲ್ಲುವುದು ನನಗೆ ಕಷ್ಟವಲ್ಲ. ಟೀಚರಾಗಿದ್ದಾಗ ಇನ್‌ಸ್ಪೆಕ್ಟರು ಬಂದರೆ ನಮ್ಮ ತರಗತಿಯ ದಡ್ಡ ಹುಡುಗರನ್ನೇ ಗುರುತಿಲ್ಲದವರ ಹಾಗೆ ನೋಡುತ್ತಿದ್ದೆವು.

ನಿಮ್ಮ ಸಮಿತಿಗೆ ಕೇಳಲು ನೂರು ಇರಬಹುದು. ನಮಗೆ ಬೇಕಾದ್ದು ಒಂದೇ. ಮಾರಕ್ಕ ವಾಪಸು ಬರಬೇಕು.

ನೀನು ಅವಳನ್ನು ನೋಡಿಲ್ಲ, ನೀನು ಕೊನೆಯ ಸಲ ಬಂದುಹೋದ ಮೇಲೆ ಸೇರಿದವಳು. ಮೇ ತಿಂಗಳಲ್ಲಿ ನಮ್ಮ ಸರಸಮ್ಮ ವಯಸ್ಸಾಗಿ ತೀರಿಕೊಂಡಳು. ಮಂಚ ಖಾಲಿಯಾದ ಮಾರನೆಯ ದಿನವೇ ಆಂಬುಲೆನ್ಸ್ ಬಂದು ಹಾರೋಹಳ್ಳಿ ಕಡೆಯ ಒಬ್ಬ ಹೆಂಗಸನ್ನು ಇಳಿಸಿತು. ಇನ್ನೂ ಕೆಮ್ಮುತ್ತಿದ್ದಳು. ಪರೀಕ್ಷೆ ಆಗಿದೆಯಾ ಅಂದೆ. ಇಲಾಖೆಯ ಬೈರಪ್ಪ, "ಆರ್ಡರ್ ಐತೆ ಮೇಡಂ" ಅಂದ. ಆಮೇಲೆ ಒಬ್ಬೊಬ್ಬರಿಗೇ ಜ್ವರ. ಇಬ್ಬರು ಹೋದರು. ಆ ಮಂಚಗಳಿಗೂ ಜನ ಬಂದರು. ಆ ಹೆಂಗಸು ಬದುಕಿಕೊಂಡಳು, ಈಗ ನಮ್ಮವಳೇ. ಅವಳ ತಪ್ಪೇನಿದೆ?

ಜ್ವರ ಬಂದ ಮಾರಕ್ಕನನ್ನು ರಾಮನಗರದ ಹಾಸ್ಟೆಲೊಂದರಲ್ಲಿ ಮಾಡಿದ್ದ ಕೊರೊನಾ ಕೇಂದ್ರಕ್ಕೆ ಒಯ್ದರು. ಗುಣವಾಯಿತಂತೆ. ಆದರೆ ಇಲ್ಲಿಗೆ ಕಳಿಸದೆ ಬೇರೆ ಜಿಲ್ಲೆಯ ಎಲ್ಲಿಗೋ ಕಳಿಸಿದ್ದಾರೆ. ಎಲ್ಲಿಗೆ ಅಂದರೆ ಬೈರಪ್ಪ "ತಿಳ್ಕಂಡು ಹೇಳ್ತೀನಿ" ಅನ್ನುತ್ತಾನೆ, ಜೂನ್‌ನಿಂದ ಅದನ್ನೇ ಅನ್ನುತ್ತಿದ್ದಾನೆ.

ಹೆಚ್ಚು ಕೊರಗುತ್ತಿರುವವಳು ಚಿನ್ನಮ್ಮ. ಪಕ್ಕದ ಮಂಚದವಳು. ಇಬ್ಬರೂ ಬೆಳಗಾದರೆ ಜಗಳ, ಕಿಟಕಿ ತೆಗೆಯುವುದಕ್ಕೊಂದು, ಮುಚ್ಚುವುದಕ್ಕೊಂದು. ಈಗ ಕಿಟಕಿ ತೆಗೆದೇ ಇರುತ್ತದೆ, ಬೇಡ ಅನ್ನುವವರಿಲ್ಲ. ನಿನ್ನ ಪತ್ರ ಓದಿ ಹೇಳಿದಾಗ ಕೇಳಿದಳು, "ಸಮಿತಿ ಅಂದ್ರೆ ಏನವ್ವಾ? ಸರ್ಕಾರನ ಬಯ್ಯಕೆ ಸರ್ಕಾರದೋರೇ ಇಟ್ಕಂಡಿರದಾ?"

ಹೆಚ್ಚುಕಡಿಮೆ ಹಾಗೇ ಅಂದೆ.

"ಹಂಗಾದ್ರೆ ನಂಬಕಾಯ್ತದಾ?" ಅಂದಳು. ಉತ್ತರ ನೀನು ಬಂದು ಕೊಡು.

ಬೈರಪ್ಪನ ಕಡೆಯವರು ಆಗಲೇ ಗೋಡೆಗೆ ಸುಣ್ಣ ಹೊಡೆಸುತ್ತಿದ್ದಾರೆ. ಹೊಸ ಕಂಬಳಿ ಬರುತ್ತದಂತೆ.

ಚಿಕ್ಕಮ್ಮ


ಬೆಂಗಳೂರು
2 ಅಕ್ಟೋಬರ್ 2021

ಚಿಕ್ಕಮ್ಮ,

ಇವತ್ತು ರಜೆ. ಬುಧವಾರದಿಂದ ನಿಮಗೆ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ.

ಮಾರಕ್ಕ ಬಂದಿದ್ದಾರೆ ಎಂದು ಮೊದಲೇ ಒಂದು ಸಾಲು ಬರೆಯಬಾರದಿತ್ತೆ? ಒಳಗೆ ಬಂದ ಕೂಡಲೇ ನಾನು ನೋಡಿದ್ದು ಮಂಚಗಳನ್ನೇ. ಹನ್ನೆರಡೂ ತುಂಬಿದ್ದವು. ಕಿಟಕಿ ಪಕ್ಕದಲ್ಲಿ ತಲೆಯವರೆಗೆ ಕಂಬಳಿ ಹೊದ್ದವರನ್ನು ಅಧ್ಯಕ್ಷರು ಹೆಸರು ಕೇಳಿದರು. "ಮಾರಕ್ಕ ಸ್ವಾಮಿ" ಎಂದಾಗ ನನಗೆ ಎಷ್ಟು ಹಗುರವಾಯಿತೆಂದರೆ ಪೆನ್ನು ನಿಂತುಬಿಟ್ಟಿತು. ಊಟ ಹೇಗಿದೆ ಎಂದು ಕೇಳಿದ್ದಕ್ಕೆ ಅವರು ಎದ್ದು ಕೂತು, "ಊಟದ ವಿಚಾರದಲ್ಲಿ ಒಂದ್ ಮಾತು ಆಡಂಗಿಲ್ಲ. ಮುದ್ದೆ ಬೆಣ್ಣೆ ಇದ್ದಂಗಿರ್ತದೆ, ಉಪ್ಸಾರಂತೂ ಊರಲ್ಲೇ ಇಲ್ಲ" ಎಂದರು. ಸದಸ್ಯರೆಲ್ಲ ನಕ್ಕರು. "ಸ್ಥಳಾಂತರಗೊಂಡಿದ್ದ ನಿವಾಸಿ ಮರಳಿದ್ದು, ಊಟದ ಗುಣಮಟ್ಟದ ಬಗ್ಗೆ ವಿಶೇಷ ಮೆಚ್ಚುಗೆ ವ್ಯಕ್ತಪಡಿಸಿದರು" ಎಂದು ಬರೆದುಕೊಂಡೆ.

ಉಳಿದವರೂ ಏನೂ ಕೊರತೆಯಿಲ್ಲ ಎಂದೇ ಹೇಳಿದರು. ಮೇ ತಿಂಗಳ ಬಗ್ಗೆ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಸತ್ತವರ ಬಗ್ಗೆ ಹೊರಗಿನವರ ಮುಂದೆ ಮಾತಾಡುವುದು ಸಂಕಟವಿರಬಹುದು. ಒತ್ತಾಯಿಸುವುದು ಬೇಡ ಎಂದು ನಾನೇ ಅಧ್ಯಕ್ಷರಿಗೆ ಚೀಟಿ ಕೊಟ್ಟೆ.

ನೀವು ಬಾಗಿಲ ಬಳಿ ನಿಂತು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ನಾನೇ ಕೇಳಿದ್ದು, ನಿಜ. ಆದರೂ ಕಾರಿನಲ್ಲಿ ಕೂತ ಮೇಲೆ ಬೇಸರವಾಯಿತು.

ಹೇಮ


ಮಾಗಡಿ
9 ಅಕ್ಟೋಬರ್ 2021

ಹೇಮ,

ನಗಬೇಕೋ ಅಳಬೇಕೋ ತಿಳಿಯದೆ ನಿನ್ನ ಪತ್ರವನ್ನು ಎರಡು ದಿನ ಹಾಗೇ ಇಟ್ಟುಕೊಂಡೆ. ನೀನು ನೋಡಿದ್ದು ಮಾರಕ್ಕನನ್ನಲ್ಲ. ಅವಳು ಕಾವೇರಮ್ಮ, ನಮ್ಮ ಅಡಿಗೆಯವಳು.

ಮಂಚ ಖಾಲಿ ಕಂಡರೆ ಆಸ್ಪತ್ರೆಯಿಂದ ಕಾಯಿಲೆಯವರನ್ನು ತಂದು ಹಾಕುತ್ತಾರೆ. ಇದು ಇವರ ತಲೆಯಲ್ಲಿ ಕೂತುಬಿಟ್ಟಿದೆ. ಕಣ್ಣಾರೆ ಕಂಡದ್ದೇ ತಾನೇ. ಜೂನ್‌ನಲ್ಲಿ ಚಿನ್ನಮ್ಮ ಒಂದು ಉಪಾಯ ಹುಡುಕಿದಳು. ಜೀಪಿನ ಸದ್ದಾದರೆ "ಕಾವೇರಿ, ಓಡ್ಬಾರೇ" ಅಂತ ಕೂಗುತ್ತಾಳೆ. ಕಾವೇರಮ್ಮ ಒಲೆ ಸಣ್ಣ ಮಾಡಿ ಬಂದು ಮಾರಕ್ಕನ ಮಂಚದಲ್ಲಿ ಮುಸುಕು ಹಾಕಿ ಮಲಗುತ್ತಾಳೆ. ರೋಗದ ಭಯಕ್ಕೆ ಬೈರಪ್ಪ ಒಳಗೆ ಕಾಲಿಡುವುದಿಲ್ಲ, ಬಾಗಿಲಲ್ಲೇ ನಿಂತು ತಲೆ ಎಣಿಸಿಕೊಂಡು ಹೋಗುತ್ತಾನೆ. ನನಗೆ ಗೊತ್ತಿತ್ತು. ನೋಡಿಯೂ ನೋಡದ ಹಾಗೆ ಇದ್ದೆ. ಮಾರಕ್ಕ ಬರುವವರೆಗೆ ಜಾಗ ಉಳಿಯಲಿ ಅಂತ ನನಗೂ ಇತ್ತು.

ನೀವು ಬರುವ ಬೆಳಿಗ್ಗೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದೆ, ಇವತ್ತು ಬರುವವರು ನಮ್ಮ ಕಷ್ಟ ಕೇಳುವುದಕ್ಕೇ ಬರುತ್ತಾರೆ, ಮಂಚ ಖಾಲಿ ಬಿಡಿ, ಮಾರಕ್ಕ ಎಲ್ಲಿ ಅಂತ ಅವರನ್ನೇ ಕೇಳಿ ಅಂತ. ಎಲ್ಲರೂ ಹೂಂ ಅಂದರು. ಆದರೆ ನಿಮ್ಮ ಕಾರುಗಳ ಹಿಂದೆ ಒಂದು ಆಂಬುಲೆನ್ಸ್ ಬಂತಲ್ಲ? ಶಾಸಕರಿಗೆ ದಾರಿಯಲ್ಲಿ ಏನಾದರೂ ಆದರೆ ಇರಲಿ ಅಂತ ಇಲಾಖೆಯವರೇ ತಂದದ್ದಂತೆ. ಅದನ್ನು ಕಿಟಕಿಯಿಂದ ಕಂಡ ಮೇಲೆ ನನ್ನ ಮಾತು ಯಾರ ಕಿವಿಗೆ ಬೀಳುತ್ತದೆ? ಕಾವೇರಮ್ಮ ಯಾರೂ ಕೂಗುವ ಮೊದಲೇ ಮಂಚದಲ್ಲಿದ್ದಳು.

ಆಮೇಲೆ ಗದರಿದೆ. "ನಾನೇನ್ ಮಾಡ್ಲವ್ವಾ, ಊಟ ಹೆಂಗೈತೆ ಅಂದ್ಬುಟ್ರು. ಚೆಂದಾಗಿಲ್ಲ ಅನ್ನಕೆ ಬಾಯೇ ಬರ್ನಿಲ್ಲ" ಅಂದಳು.

ನಿನ್ನ ಕಡೆ ನೋಡಲಿಲ್ಲ ಅಂದೆಯಲ್ಲ, ನೋಡಿದ್ದರೆ ಬಾಯಿ ಬಿಟ್ಟುಬಿಡುತ್ತಿದ್ದೆ. ಬೈರಪ್ಪನೂ ಅವನ ಮೇಲಿನವರೂ ಬಾಗಿಲಲ್ಲಿ ನನ್ನ ಪಕ್ಕದಲ್ಲೇ ಇದ್ದರು, ಒಳಗಿನ ಮಾತು ಅವರಿಗೆ ಕೇಳಿಸಿರಲಿಕ್ಕಿಲ್ಲ. ಕಂಬಳಿಗಳನ್ನು ಮಾರನೆಯ ದಿನ ವಾಪಸು ಒಯ್ದರು, ಅದನ್ನೂ ಬರೆದುಕೋ.

ಚಿನ್ನಮ್ಮ ಈಗ ಕೇಳುತ್ತಿದ್ದಾಳೆ, "ಬಂದಿದ್ದೋರು ಮಾರಿನ ಕಳುಸ್ತಾರಂತಾ?" ಏನು ಹೇಳಲಿ?

ಚಿಕ್ಕಮ್ಮ


ಬೆಂಗಳೂರು
18 ಅಕ್ಟೋಬರ್ 2021

ಚಿಕ್ಕಮ್ಮ,

ದಯವಿಟ್ಟು ಇದನ್ನು ಯಾರಿಗೂ ಹೇಳಬೇಡಿ, ಬರೆಯಬೇಡಿ. ಸದನದ ಸಮಿತಿಗೆ ಸುಳ್ಳು ಹೇಳಿದರೆ ಹಕ್ಕುಚ್ಯುತಿಯಾಗುತ್ತದೆ. ಆ ವಯಸ್ಸಿನ ಹೆಂಗಸರ ಮೇಲೆ ಯಾರೂ ಹೋಗಲಾರರು, ಆದರೆ ನಿಮ್ಮ ಮೇಲೆ ಹೋಗಬಹುದು. ಮನೆಯ ಅನುಮತಿ ರದ್ದು ಮಾಡಲು ಇಲಾಖೆಗೆ ಇಷ್ಟು ಸಾಕು.

ಕರಡು ಆಗಲೇ ಎಲ್ಲ ಸದಸ್ಯರಿಗೂ ಹೋಗಿದೆ. ಸ್ಥಳಾಂತರಗೊಂಡವರು ಮರಳಿದ್ದಾರೆ ಎಂಬ ಕಂಡಿಕೆ ಅದರಲ್ಲಿದೆ, ನನ್ನ ಕೈಯಿಂದಲೇ. ಅದು ಇರುವವರೆಗೆ ಮಾರಕ್ಕನನ್ನು ಕಳಿಸಿ ಎಂದು ಸಮಿತಿ ಕೇಳುವ ಪ್ರಶ್ನೆಯೇ ಬರುವುದಿಲ್ಲ. ಮುಸುಕು ಹಾಕಿದ್ದವರನ್ನು ಒಂದು ಪ್ರಶ್ನೆ ಹೆಚ್ಚು ಕೇಳದೆ ನಾನೇಕೆ ಅಷ್ಟು ಬೇಗ ನಂಬಿದೆ? ನನಗೆ ಹಾಗೇ ಆಗಿರಬೇಕಿತ್ತು, ಅದಕ್ಕೆ.

ಇಲಾಖೆಯಿಂದ ಶನಿವಾರ ಲಿಖಿತ ಉತ್ತರ ಬಂದಿದೆ. ಮಾರಕ್ಕನವರ ಬಗ್ಗೆ ಅದರಲ್ಲಿ ಒಂದು ಸಾಲು ಇದೆ. ಅದನ್ನು ಈಗ ಬರೆಯುವುದು ಬೇಡ. ನಾನು ಏನಾದರೂ ದಾರಿ ನೋಡುತ್ತೇನೆ. ಸ್ವಲ್ಪ ಸಮಯ ಕೊಡಿ.

ಹೇಮ


ಮಾಗಡಿ
22 ನವೆಂಬರ್ 2021

ಹೇಮ,

ಸ್ವಲ್ಪ ಸಮಯ ಅಂದೆ. ಒಂದು ತಿಂಗಳ ಮೇಲಾಯಿತು.

ಒಂದು ಸಾಲು ಇದೆ, ಬರೆಯುವುದು ಬೇಡ ಅಂತ ನಿಲ್ಲಿಸಿದೆಯಲ್ಲ, ಅದನ್ನು ಚಿನ್ನಮ್ಮನಿಗೆ ಓದಿ ಹೇಳಿದ್ದು ನನ್ನ ತಪ್ಪು. ಅವತ್ತಿನಿಂದ ಮಾರಕ್ಕ ಸತ್ತಿದ್ದಾಳೆ ಅಂತಲೇ ಅವಳು ತೀರ್ಮಾನ ಮಾಡಿಕೊಂಡಿದ್ದಾಳೆ. "ಓದ್ದೋರು ಹೇಳಕೆ ಹಿಂಜರಿಯದು ಸಾವು ಒಂದ್ನೇ ಕಣವ್ವಾ" ಅನ್ನುತ್ತಾಳೆ. ಅನ್ನ ಬಿಟ್ಟು ಬರೀ ಕಾಫಿ ಕುಡಿದುಕೊಂಡು ಕೂರುತ್ತಾಳೆ. ಹೋದ ವಾರ ಮಾರಕ್ಕನಿಗೆ ಎಡೆ ಇಡಬೇಕು, ಅವಳಿಗೆ ಕೋಳಿಸಾರು ಇಷ್ಟ, ಕಾವೇರಿ ಮಾಡಲಿ ಅಂತ ಹಟ ಹಿಡಿದಳು. ಬದುಕಿರುವವಳಿಗೆ ಎಡೆ ಇಡುತ್ತೀಯಾ ಅಂತ ಬೈದೆ.

"ಬದುಕವ್ಳೆ ಅಂತ ನಿಮ್ಗೆ ಯಾರ್ ಹೇಳುದ್ರು?" ಅಂದಳು.

ಯಾರೂ ಹೇಳಿಲ್ಲ, ಹೇಮ. ಹೇಳಬೇಕಾದವಳು ನೀನು.

ನೌಕರಿಯ ಭಯವಿದ್ದರೆ ಅದು ತಪ್ಪಲ್ಲ, ಬಾಯಿ ಬಿಟ್ಟು ಹೇಳು. ಅಧ್ಯಕ್ಷರಿಗೆ ನಾನೇ ಬರೆಯುತ್ತೇನೆ. ಮನೆ ಮುಚ್ಚಿಸಿದರೆ ಮುಚ್ಚಿಸಲಿ ಅನ್ನುವ ಧೈರ್ಯ ನನಗೂ ಇಲ್ಲ, ಹನ್ನೊಂದು ಜನ ಎಲ್ಲಿಗೆ ಹೋಗುತ್ತಾರೆ? ಆದರೆ ಹೀಗೆ ಕೂರಲೂ ಆಗುವುದಿಲ್ಲ.

ಚಿಕ್ಕಮ್ಮ


ಬೆಂಗಳೂರು
29 ನವೆಂಬರ್ 2021

ಚಿಕ್ಕಮ್ಮ,

ಮಾರಕ್ಕ ಬದುಕಿದ್ದಾರೆ. ಮುಂದೆ ಓದುವ ಮೊದಲು ಇದನ್ನು ಚಿನ್ನಮ್ಮನವರಿಗೆ ಹೇಳಿಬಿಡಿ.

ನಾನು ಬರೆಯದೆ ಬಿಟ್ಟ ಸಾಲು ಇದು: "ಸದರಿ ಗೃಹದಲ್ಲಿ ಹಾಸಿಗೆ ಖಾಲಿ ಇಲ್ಲದಿರುವುದರಿಂದ ನಿವಾಸಿಯನ್ನು ಬೇರೆ ಜಿಲ್ಲೆಯ ಕೇಂದ್ರದಲ್ಲಿ ಇರಿಸಲಾಗಿದೆ." ಬೈರಪ್ಪ ಬಾಗಿಲಲ್ಲಿ ನಿಂತು ಎಣಿಸಿದ ಲೆಕ್ಕ ಅದು. ಅವರ ಜಾಗ ಉಳಿಸಲೆಂದು ಕಾವೇರಮ್ಮ ಮಲಗಿದರು, ಕಾವೇರಮ್ಮ ಮಲಗಿದ್ದರಿಂದ ಅವರಿಗೆ ಜಾಗವಿಲ್ಲದಂತಾಯಿತು. ಉಪಾಯ ಹುಡುಕಿದವರು ಚಿನ್ನಮ್ಮ ಎಂದು ನೀವು ಬರೆದಿದ್ದಿರಿ. ಈ ಸಾಲು ಕೇಳಿದರೆ ಅವರಿಗೆ ಏನಾದೀತೆಂದು ಬಿಟ್ಟೆ. ಬಿಟ್ಟದ್ದರಿಂದ ಅವರು ಇನ್ನೂ ಕೆಟ್ಟದ್ದನ್ನು ಊಹಿಸಿಕೊಂಡರು. ಯಾರನ್ನೋ ಕಾಪಾಡುತ್ತಿದ್ದೇನೆ ಎಂದುಕೊಂಡಾಗಲೆಲ್ಲ ನಾನು ನಿಜವಾಗಿ ಕಾಪಾಡುತ್ತಿರುವುದು ಯಾರನ್ನು ಎಂದು ಈ ವಾರವಿಡೀ ಕೇಳಿಕೊಂಡೆ.

ಯಾಕೆಂದರೆ ಇನ್ನೊಂದಿದೆ. ನೀವು ನನ್ನ ಚಿಕ್ಕಮ್ಮ ಎಂದು ನಾನು ಅಧ್ಯಕ್ಷರಿಗೆ ತಿಳಿಸಿರಲೇ ಇಲ್ಲ. ಮಾರಕ್ಕ ಬಂದಿದ್ದಾರೆ ಎಂಬ ನನ್ನ ಟಿಪ್ಪಣಿ, ಬಂದಿಲ್ಲ ಎಂಬ ಇಲಾಖೆಯ ಉತ್ತರ, ಎರಡೂ ಒಂದೇ ಕಡತದಲ್ಲಿವೆ. ಇಷ್ಟು ದಿನ ಯಾರೂ ಗಮನಿಸಿಲ್ಲ. ನಾನು ತೋರಿಸಿದರೆ ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಅಲ್ಲಿಗೆ ಬಂದು ನಿಂತುಬಿಡುತ್ತಿದ್ದೆ.

ಇವತ್ತು ಹೋಗಿ ಎಲ್ಲವನ್ನೂ ಹೇಳಿದೆ. ಪುಟ್ಟಸ್ವಾಮಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಲ್ಲಾ ಕಣಮ್ಮ, ಅಡಿಗೆ ಮಾಡ್ದೋಳ್ನೇ ಅಡಿಗೆ ಹೆಂಗೈತೆ ಅಂತ ಕೇಳ್ಕಂಡ್ ಬಂದ್ನಾ ನಾನು?" ಎಂದರು. ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. "ನಮ್ಮನ್ ಕಂಡ್ರೆ ಅಷ್ಟು ಭಯನಾ ಅವ್ರಿಗೆ?" ಎಂದರು. ನಿಮ್ಮ ವಿಷಯ ಬಂದಾಗ ಮಾತ್ರ ಗಟ್ಟಿಯಾದರು. "ಮೊದ್ಲೇ ಹೇಳ್ಬೇಕಾಗಿತ್ತು ನೀವು. ಇನ್ನು ಆ ಮನೆ ವಿಚಾರದಲ್ಲಿ ನೀವು ಕೂರಂಗಿಲ್ಲ, ಕಡತ ಮುಟ್ಟಂಗಿಲ್ಲ. ಅವ್ರನ್ನ ಇಲ್ಲಿಗೇ ಕರ್ಸಿ. ಭಯ ಬೀಳ್ಬೇಡಿ ಅಂತ ಹೇಳಿ, ಹಕ್ಕುಚ್ಯುತಿ ಗಿಕ್ಕುಚ್ಯುತಿ ನಾನ್ ನೋಡ್ಕತೀನಿ."

ಡಿಸೆಂಬರ್ 8, ಬುಧವಾರ, ವಿಧಾನಸೌಧ. ಚಿನ್ನಮ್ಮನವರನ್ನೂ ಕಾವೇರಮ್ಮನವರನ್ನೂ ಕರೆತನ್ನಿ. ಇಲಾಖೆಯ ಪ್ರಧಾನ ಕಾರ್ಯದರ್ಶಿಯವರೂ ಇರುತ್ತಾರೆ. ನಾನು ಒಳಗೆ ಇರುವುದಿಲ್ಲ. ವರದಿ ಮಂಡನೆಯಾಗುವವರೆಗೆ ಸಾಕ್ಷ್ಯ ಗುಟ್ಟಾಗಿರಬೇಕು, ಹಾಗಾಗಿ ಏನು ನಡೆಯಿತೆಂದು ನನಗೆ ಬರೆಯಲೂ ಬೇಡಿ.

ಹೇಮ


ಮಾಗಡಿ
11 ಡಿಸೆಂಬರ್ 2021

ಹೇಮ,

ಬರೆಯಬೇಡ ಅಂದಿದ್ದೀಯ. ನೌಕರಿಯಲ್ಲಿರುವವಳು ನೀನು, ನಾನು ನಿವೃತ್ತಳು. ಅಲ್ಲದೆ ಅಲ್ಲಿ ಆಡಿದ್ದರಲ್ಲಿ ನನಗೆ ಕೇಳಿಸಿದ್ದು ಅರ್ಧ. ಉಳಿದರ್ಧವನ್ನು ಕಾವೇರಮ್ಮ ಬಸ್ಸಿನಲ್ಲಿ ಮಾಗಡಿವರೆಗೂ ನನ್ನ ಕಿವಿಗೆ ಕೂಗುತ್ತಾ ಬಂದಳು. ಕಂಡಕ್ಟರು ಟಿಕೆಟ್ ಕೊಡುವುದು ಬಿಟ್ಟು ಕೇಳುತ್ತಿದ್ದ. ನಿನ್ನ ಗುಟ್ಟಿನ ಗತಿ ಇಷ್ಟು.

ಗೇಟಿನಲ್ಲಿ ಚಿನ್ನಮ್ಮನ ಎಲೆಅಡಿಕೆ ಚೀಲ ಇಸಿದುಕೊಂಡರು. ಅದರಿಂದಲೇ ಅವಳಿಗೆ ಅರ್ಧ ಕೋಪ ಬಂದಿತ್ತು, ಒಳ್ಳೆಯದೇ ಆಯಿತು. ನೀನು ಬರೆದ ಸಾಲನ್ನು ನಾನು ಅವಳಿಗೆ ಮನೆಯಲ್ಲೇ ಓದಿ ಹೇಳಿದ್ದೆ. ಅಳಲಿಲ್ಲ. "ಹಂಗಾರೆ ಅವ್ಳನ್ನ ತಡೆದೋಳು ನಾನೇಯ" ಅಂದು ಅವತ್ತು ಅನ್ನ ಉಂಡಳು. ಯಾಕೆ ಉಂಡಳೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬದುಕಿದ್ದಾಳೆ ಅನ್ನುವುದಷ್ಟೇ ಸಾಕಾಯಿತೇನೋ.

ದೊಡ್ಡ ಮೇಜು, ಸುತ್ತ ಶಾಸಕರು, ಎದುರಿಗೆ ಇಲಾಖೆಯ ದೊಡ್ಡವರು ಕಡತಗಳ ಜೊತೆ. ಆತ ಬಹಳ ಮರ್ಯಾದಸ್ಥ ಮನುಷ್ಯ, ಸುಳ್ಳು ಹೇಳಲು ಬಂದವನಲ್ಲ. ಹಾಸಿಗೆ ಇಲ್ಲದ್ದರಿಂದ ನಿವಾಸಿಯ ಹಿತಕ್ಕಾಗಿಯೇ ಬೇರೆ ಕಡೆ ಇರಿಸಿದ್ದೇವೆ ಅಂತ ಓದಿದ. ಕಾವೇರಮ್ಮ ಎದ್ದು ನಿಂತು, "ಹಾಸ್ಗೆ ಐತೆ ಸ್ವಾಮಿ, ಅದ್ರಲ್ಲಿ ಮಲ್ಗಿದ್ದೋಳು ನಾನು" ಅಂದಳು. ಒಬ್ಬ ಶಾಸಕರು "ಉಪ್ಸಾರು?" ಅಂದರು. ಅಧ್ಯಕ್ಷರು ಅವರನ್ನು ದುರುಗುಟ್ಟಿಕೊಂಡು ನೋಡಿದರು.

ಆಮೇಲೆ ಚಿನ್ನಮ್ಮನನ್ನು ಕೇಳಿದರು, ಯಾಕಮ್ಮ ಹೀಗೆ ಮಾಡಿದಿರಿ ಅಂತ. ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅಧ್ಯಕ್ಷರನ್ನು ನೋಡಲಿಲ್ಲ, ಆ ಅಧಿಕಾರಿಯನ್ನೇ ನೋಡಿದಳು.

"ಮಂಚ ಖಾಲಿ ಇದ್ರೆ ಕಾಯ್ಲೆಯೋರ್ನ ತಂದ್ ಹಾಕ್ತೀರಿ. ತುಂಬ್ಕಂಡಿದ್ರೆ ನಮ್ಮೋಳ್ನ ಕಳ್ಸಕಿಲ್ಲ ಅಂತೀರಿ. ನಾವು ಆ ಮಂಚನ ಏನ್ ಮಾಡ್ಬೇಕು ಸ್ವಾಮಿ? ನೀವೇ ಒಸಿ ಹೇಳ್ಕೊಡಿ."

ಇದು ನನಗೆ ಪೂರ್ತಿ ಕೇಳಿಸಿತು. ಕೋಣೆಯಲ್ಲಿ ಬೇರೆ ಸದ್ದೇ ಇರಲಿಲ್ಲ.

ಅಧಿಕಾರಿ, ನಿಯಮದ ಪ್ರಕಾರ ಅಂತ ಶುರು ಮಾಡಿದ. "ನಿಯಮ ಆಮ್ಯಾಕೆ ಓದನ" ಅಂದರು ಅಧ್ಯಕ್ಷರು, "ಆಯಮ್ಮ ಕೇಳಿದ್ಕೆ ಹೇಳಿ." ಆತ ಕಡತ ಮುಚ್ಚಿ, ಪರಿಶೀಲಿಸುತ್ತೇವೆ ಅಂದ.

"ಯಾವತ್ತು?" ಅಂದಳು ಚಿನ್ನಮ್ಮ.

ಹೊರಗೆ ಬಂದಾಗ ಕಾರಿಡಾರಿನ ಕೊನೆಯಲ್ಲಿ ನೀನು ನಿಂತಿದ್ದೆ. ದೂರದಿಂದಲೇ ಕೈಯೆತ್ತಿದೆ, ಹತ್ತಿರ ಬರಲಿಲ್ಲ. ಈ ಸಲ ನಾನು ನೋಡಿದೆ, ನೀನೂ ನೋಡಿದೆ. ಸಾಕು.

ಚಿಕ್ಕಮ್ಮ


ಬೆಂಗಳೂರು
10 ಜನವರಿ 2022

ಚಿಕ್ಕಮ್ಮ,

ಮಾರಕ್ಕ ಬರುತ್ತಿದ್ದಾರೆ. ಈ ವಾರ ಅಥವಾ ಮುಂದಿನ ವಾರದ ಮೊದಲಲ್ಲಿ ಇಲಾಖೆಯ ಗಾಡಿಯಲ್ಲೇ ಕಳಿಸುತ್ತಾರೆ. ಗಾಡಿ ಕಂಡು ಯಾರೂ ಹೆದರಬೇಡಿ.

ಕಡತ ಮುಟ್ಟುವಂತಿಲ್ಲದ ನನಗೆ ಇದನ್ನು ಅಧ್ಯಕ್ಷರೇ ನಿಲ್ಲಿಸಿ ಹೇಳಿದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಮಾರಕ್ಕನವರನ್ನು ಕಳಿಸುವ ಪತ್ರದ ಜೊತೆ ಇಲಾಖೆ ಇನ್ನೊಂದು ಮಾತು ಸೇರಿಸಿದೆ. ಇವರೊಬ್ಬರ ಹೊರತು ಹೀಗೆ ಉಳಿದುಹೋದವರು ಬೇರೆ ಯಾರೂ ಇಲ್ಲ, ಕ್ರಮ ಕೈಗೊಂಡಾಗಿದೆ, ಆದ್ದರಿಂದ ಸಮಿತಿ ಈ ಬಗ್ಗೆ ಶಿಫಾರಸು ಮಾಡುವ ಅಗತ್ಯವಿಲ್ಲ ಎಂದು. ಶಿಫಾರಸಿನಲ್ಲಿ ಇದ್ದದ್ದು ಎರಡೇ ಮಾತು. ಹೀಗೆ ಬೇರೆಡೆ ಕಳಿಸಲಾದವರನ್ನೆಲ್ಲ ಹುಡುಕಿ ಅವರವರ ಮನೆಗೆ ಸೇರಿಸಬೇಕು. ಪರೀಕ್ಷೆಯಿಲ್ಲದೆ ಇನ್ನು ಯಾರನ್ನೂ ಇಂಥ ಮನೆಗಳಿಗೆ ಕಳಿಸಬಾರದು. ಬಿಡೋಣ ಎನ್ನುವ ಸದಸ್ಯರೇ ಹೆಚ್ಚಿದ್ದಾರಂತೆ. "ಇನ್ನೊಬ್ರು ಇದಾರೆ ಅಂತ ನನ್ ಕೈಲಿ ಏನೂ ಇಲ್ವಲ್ಲಮ್ಮ" ಎಂದರು. ಕೊನೆಯ ಸಭೆ ಇದೇ 21, ಶುಕ್ರವಾರ.

ಊರಿನಲ್ಲಿ ಮತ್ತೆ ಕೇಸುಗಳು ಏರುತ್ತಿವೆ. ಶನಿವಾರ ಭಾನುವಾರ ರಸ್ತೆ ಖಾಲಿ. ಮೇ ತಿಂಗಳ ಆದೇಶವನ್ನು ಯಾರೂ ವಾಪಸು ಪಡೆದಿಲ್ಲ.

ನಾವು ಬೇಡಿದ್ದು ಮಾರಕ್ಕ ಬರಲಿ ಎಂದು. ಬರುತ್ತಿದ್ದಾರೆ. ಒಬ್ಬರನ್ನು ಕೊಟ್ಟು ಉಳಿದವರ ಬಾಯಿ ಮುಚ್ಚಿಸಿದರು ಎಂದು ನನಗೆ ಅನ್ನಿಸಿದರೆ ಅದು ಅತಿಯಾಸೆಯೇ? ಗೊತ್ತಾಗುತ್ತಿಲ್ಲ. ಚಿನ್ನಮ್ಮನವರ ಸಂತೋಷವನ್ನು ಇದರಿಂದ ಕೆಡಿಸಬೇಡಿ. ಆದರೆ ನಿಮ್ಮಿಂದ ಮುಚ್ಚಿಡುವುದು ಬೇಡ ಎಂದು ಬರೆದೆ.

ಹೇಮ


ಮಾಗಡಿ
18 ಜನವರಿ 2022, ಮಂಗಳವಾರ

ಹೇಮ,

ನಿನ್ನೆ ಮಧ್ಯಾಹ್ನ ಬಂದಳು. ಬಡವಾಗಿದ್ದಾಳೆ, ಕೂದಲು ಕತ್ತರಿಸಿದ್ದಾರೆ. ಚಿನ್ನಮ್ಮ ಬಾಗಿಲಲ್ಲೇ ನಿಂತಿದ್ದವಳು, ಗಾಡಿಯಿಂದ ಇಳಿಯುವುದನ್ನು ನೋಡಿ ಒಳಗೆ ಹೋಗಿ ಗೋಡೆ ಕಡೆ ತಿರುಗಿ ಕೂತಳು.

"ಏನಮ್ಮಿ, ಮಾತೇ ಇಲ್ವಾ? ಸತ್ತೋದ್ಲು ಅಂತ ಎಡೆ ಮಡಗಕೆ ಹೊಂಟಿದ್ಯಂತೆ" ಅಂದಳು ಮಾರಕ್ಕ. ಗಾಡಿಯಲ್ಲಿ ಬೈರಪ್ಪ ಎಲ್ಲ ಹೇಳಿಬಿಟ್ಟಿದ್ದಾನೆ, ಅವನಿಗೆ ಕಾವೇರಮ್ಮ ಹೇಳಿರಬೇಕು.

"ಮಡಗಿದ್ರೂ ನೀನೇನ್ ಉಣ್ತಿದ್ಯಾ? ಕೋಳಿ ಎಳೇದಾಗ್ಬೇಕು, ಖಾರ ಕಮ್ಮಿ ಆಗ್ಬೇಕು."

"ಎಂಟ್ ತಿಂಗ್ಳು ಒಬ್ರಾದ್ರೂ ಬಂದು ಕೇಳುದ್ರಾ ನನ್ನ?"

"ಎಲ್ಲಿ ಅಂತ ಬರದೇ? ಊರ್ ಹೆಸ್ರು ಹೇಳಿದ್ರಾ ಯಾರಾದ್ರೂ?"

ಹೀಗೇ ಒಂದು ಗಂಟೆ. ಕಾವೇರಮ್ಮ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. ನಾನೂ.

ನಿನ್ನ ಪತ್ರದ ಎರಡನೆಯ ಭಾಗವನ್ನು ನೀನು ಹೇಳಿದಂತೆ ಓದದೆ ಇಟ್ಟಿದ್ದೆ. ಆದರೆ ಸಂಜೆ ಮಾರಕ್ಕನೇ ತೆಗೆದಳು. ಅವಳಿದ್ದ ಕಡೆ ಅವಳೊಬ್ಬಳೇ ಅಲ್ಲವಂತೆ. ಪಕ್ಕದಲ್ಲಿ ಮಲಗುತ್ತಿದ್ದವಳು ದೊಡ್ಡಲಕ್ಷ್ಮಮ್ಮ, ಕನಕಪುರ ಕಡೆಯ ಒಂದು ಆಶ್ರಯ ಮನೆಯವಳು, ಇವಳ ಹಾಗೇ ಮೇ ತಿಂಗಳಲ್ಲಿ ಜ್ವರ ಬಂದು ಹೊರಟವಳು. ಇನ್ನೂ ಇಬ್ಬರು ಚನ್ನಪಟ್ಟಣದ ಕಡೆಯವರು, ಅವರಲ್ಲೊಬ್ಬಳಿಗೆ ಮಾತು ಬರುವುದಿಲ್ಲ. ಗಾಡಿ ಬಂದಾಗ ಮೂವರೂ ತಮಗೇ ಬಂತು ಅಂತ ಗಂಟು ಕಟ್ಟಿಕೊಂಡು ಹೊರಗೆ ಬಂದರಂತೆ. ಡ್ರೈವರು ಕಾಗದ ನೋಡಿ, ಮಾರಕ್ಕ ಒಬ್ಬಳೇ ಅಂದನಂತೆ.

"ನಾನ್ ಹತ್ಕಂಡ್ ಬಂದ್ಬುಟ್ಟೆ ಕಣವ್ವಾ" ಅಂದಳು. ಅಷ್ಟೇ ಅಂದದ್ದು.

ಆಮೇಲೆ ನಿನ್ನ ಪತ್ರವನ್ನು ಪೂರ್ತಿ ಓದಿ ಹೇಳಿದೆ, ಎಲ್ಲರಿಗೂ ಕೇಳಿಸುವ ಹಾಗೆ.

ಇದರ ಜೊತೆ ಅಧ್ಯಕ್ಷರ ಹೆಸರಿಗೇ ಬೇರೆ ಲಕೋಟೆ ಕಳಿಸುತ್ತಿದ್ದೇನೆ. ಮಾರಕ್ಕ ಹೇಳಿದ್ದನ್ನು ಹೇಳಿದ ಹಾಗೆ ಬರೆದು ಅವಳ ಹೆಬ್ಬೆಟ್ಟು ಒತ್ತಿಸಿದ್ದೇನೆ. ನೀನು ಮುಟ್ಟುವಂತಿಲ್ಲ, ಗೊತ್ತು. ಶುಕ್ರವಾರದ ಒಳಗೆ ಅವರ ಕೈ ಸೇರಿತೇ ಅನ್ನುವುದನ್ನು ಮಾತ್ರ ನೋಡು. ಕೊಠಡಿಯ ಹೊರಗೆ ನಿಂತು ನೋಡಲು ಯಾರ ಅಪ್ಪಣೆಯೂ ಬೇಡ.

ಮಾರಕ್ಕ ರಾತ್ರಿ ಚಿನ್ನಮ್ಮನ ಮಂಚದಲ್ಲೇ ಅವಳ ಜೊತೆ ಮಲಗಿದ್ದಳು. ತನ್ನದನ್ನು ಇನ್ನೂ ಹತ್ತಿಲ್ಲ. ಬೆಳಗಿನಿಂದ ಅದರ ಪಕ್ಕ ನೆಲದ ಮೇಲೆ, ಬಟ್ಟೆಯ ಗಂಟನ್ನೂ ಬಿಚ್ಚದೆ ಕೂತಿದ್ದಾಳೆ. "ಕಾಗ್ದ ಹೋಗ್ಲಿ, ಆಮ್ಯಾಕೆ ಮಲೀಕತೀನಿ" ಅನ್ನುತ್ತಾಳೆ.

ಈಗಷ್ಟೇ ಬೈರಪ್ಪ ಬಂದಿದ್ದ. ಜೀಪಿನ ಸದ್ದಾಯಿತಂತೆ, ಯಾರೂ ಕಾವೇರಮ್ಮನನ್ನು ಕೂಗಲಿಲ್ಲ. ಬಾಗಿಲಲ್ಲಿ ನಿಂತು ಎಣಿಸಿ, ನನಗೂ ಕೇಳಿಸುವಷ್ಟು ಗಟ್ಟಿಯಾಗಿ, "ಒಂದ್ ಖಾಲಿ ಐತಲ್ಲ ಮೇಡಂ?" ಅಂದ.

ನಾನು ಬಾಯಿ ತೆರೆಯುವ ಮೊದಲೇ ಮಾರಕ್ಕ ಕೂತಲ್ಲಿಂದಲೇ ಮಂಚದ ಕಾಲನ್ನು ಹಿಡಿದುಕೊಂಡಳು.

"ಖಾಲಿ ಅಲ್ಲ ಕಣಪ್ಪಾ. ನಂದು. ಬರ್ಕ."

ಬರೆದುಕೊಂಡು ಹೋದ. ನಾನು ಟಪಾಲಿಗೆ ಹೊರಟೆ, ಬಸ್ಸಿನ ಹೊತ್ತಾಯಿತು.

ಚಿಕ್ಕಮ್ಮ